ದತ್ತಸಂಚಯದ ದ್ವಾರದಲ್ಲಿ: ಪ್ರವೇಶದ ತೊಡಕುಗಳೂ ಪರಿಹಾರಗಳೂ

ಒಂದು ವಿದ್ಯಾಸಂಸ್ಥೆಯ ಬಾಳಿಕೆಯು ಅದರ ಕಟ್ಟಡಗಳನ್ನು ಅವಲಂಬಿಸಿರುವಷ್ಟೇ ಅದರ ದಾಖಲೆಗಳನ್ನೂ ಅವಲಂಬಿಸಿರುತ್ತದೆ. ಶಾಲೆ ಬಿಟ್ಟು ನಾಲ್ಕು ದಶಕಗಳಾದ ಹಳೆಯ ವಿದ್ಯಾರ್ಥಿಯೊಬ್ಬರು ಜನ್ಮದಿನಾಂಕದ ದೃಢೀಕರಣಕ್ಕಾಗಿ ಕಚೇರಿಗೆ ಬಂದರೆ, ದಾಖಲಾತಿ ರಿಜಿಸ್ಟರಿನ ಹಳದಿಗಟ್ಟಿದ ಪುಟವೊಂದೇ ಅವರಿಗೆ ಆಧಾರ. ಅಂಥ ರಿಜಿಸ್ಟರುಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ವಶದಲ್ಲಿಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈಗ ಅನೇಕ ಸಂಸ್ಥೆಗಳಲ್ಲಿ ದಾಖಲಾತಿ, ಶುಲ್ಕ, ಪರೀಕ್ಷೆಯ ಅಂಕಗಳು, ಗ್ರಂಥಾಲಯದ ಪುಸ್ತಕಗಳು, ದಾನಿಗಳ ದತ್ತಿನಿಧಿಯ ಲೆಕ್ಕ ಇವೆಲ್ಲವೂ ಗಣಕಯಂತ್ರದ ದತ್ತಸಂಚಯದೊಳಗೆ, ಎಂದರೆ ಡೇಟಾಬೇಸಿನೊಳಗೆ, ಸೇರಿವೆ. ಬೀರುವಿನ ಸ್ಥಾನಕ್ಕೆ ಡೇಟಾಬೇಸ್ ಬಂದಿದೆ. ಬೀಗದ ಕೈಯ ಸ್ಥಾನಕ್ಕೆ ಪಾಸ್‌ವರ್ಡ್ ಬಂದಿದೆ.

ಈ ಹೊಸ ಬೀರುವಿನ ಬಾಗಿಲು ಒಮ್ಮೊಮ್ಮೆ ತೆರೆಯುವುದಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಹೆಸರು ಮತ್ತು ಪಾಸ್‌ವರ್ಡನ್ನು ಇಂದು ಯಂತ್ರವು ನಿರಾಕರಿಸುತ್ತದೆ. ವರ್ಗಾವಣೆ ಪತ್ರಕ್ಕಾಗಿ ಪಾಲಕರು ಹೊರಗೆ ಕಾದು ನಿಂತಿರುವಾಗ ಹೀಗಾದರೆ ಗಾಬರಿಯಾಗುವುದು ಸಹಜ. ಆದರೆ ಈ ಸಂದರ್ಭದಲ್ಲಿ ಒಂದು ಸತ್ಯವನ್ನು ಮನಸ್ಸಿನಲ್ಲಿ ದೃಢವಾಗಿ ಇಟ್ಟುಕೊಳ್ಳಬೇಕು: ಬಾಗಿಲು ತೆರೆಯಲಿಲ್ಲವೆಂದ ಮಾತ್ರಕ್ಕೆ ಭಂಡಾರ ಬರಿದಾಗಿದೆ ಎಂದು ಅರ್ಥವಲ್ಲ. ಪ್ರವೇಶದ ತೊಡಕಿನಿಂದ ದಾಖಲೆಗಳು ನಾಶವಾಗುವುದು ಅಪರೂಪ. ಆ ತೊಡಕನ್ನು ಆತುರದಿಂದ ಬಗೆಹರಿಸಲು ಹೋಗಿ ನಾಶವಾಗುವುದೇ ಹೆಚ್ಚು. ಆದುದರಿಂದ ಬಾಗಿಲು ಯಾವುದು, ಅದು ಏಕೆ ತೆರೆಯದು, ತೆರೆಯುವ ಸರಿಯಾದ ಕ್ರಮ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಭಂಡಾರವೂ ದ್ವಾರಪಾಲಕನೂ

ಜಗತ್ತಿನಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಡೇಟಾಬೇಸ್ ವ್ಯವಸ್ಥೆಗಳಲ್ಲಿ ‘ಮೈಎಸ್‌ಕ್ಯೂಎಲ್’ ಒಂದು. ಇದರ ಮೊದಲ ಆವೃತ್ತಿ ೧೯೯೫ರಲ್ಲಿ ಹೊರಬಂದಿತು. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ತಮ್ಮ ಮಗಳು ‘ಮೈ’ಯ ಹೆಸರನ್ನೇ ಇದಕ್ಕೆ ಇಟ್ಟರು. ಮೈಎಸ್‌ಕ್ಯೂಎಲ್‌ನ ಒಡೆತನ ೨೦೦೮ರಲ್ಲಿ ಸನ್ ಕಂಪನಿಗೂ, ಸನ್ ಕಂಪನಿಯೊಡನೆ ೨೦೧೦ರಲ್ಲಿ ಒರೇಕಲ್ ಕಂಪನಿಗೂ ಸೇರಿತು. ಈ ನಡುವೆ ೨೦೦೯ರಲ್ಲಿ ವಿಡೇನಿಯಸ್ ಅದೇ ಮೂಲದಿಂದ ಕವಲೊಡೆದ ಇನ್ನೊಂದು ವ್ಯವಸ್ಥೆಯನ್ನು ಆರಂಭಿಸಿ, ಅದಕ್ಕೆ ಕಿರಿಯ ಮಗಳ ಹೆಸರಿನಿಂದ ‘ಮಾರಿಯಾಡಿಬಿ’ ಎಂದು ನಾಮಕರಣ ಮಾಡಿದರು. ಗ್ರಂಥಾಲಯಗಳಲ್ಲಿ ಬಳಸುವ ಕೋಹಾ, ಬೋಧನೆಗೆ ನೆರವಾಗುವ ಮೂಡಲ್, ಜಾಲತಾಣಗಳನ್ನು ನಡೆಸುವ ವರ್ಡ್‌ಪ್ರೆಸ್ ಮೊದಲಾದ ತಂತ್ರಾಂಶಗಳು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ಆಶ್ರಯಿಸಿರುತ್ತವೆ.

ಡೇಟಾಬೇಸಿನೊಡನೆ ನೇರವಾಗಿ ವ್ಯವಹರಿಸಲು ಅದರದೇ ಆದ ಆಜ್ಞಾಭಾಷೆಯನ್ನು ಕಲಿಯಬೇಕು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆಯುವ ಶ್ರಮವನ್ನು ತಪ್ಪಿಸಿ, ಬ್ರೌಸರಿನಲ್ಲಿಯೇ ಕೋಷ್ಟಕಗಳನ್ನು ಕಾಣಿಸುವ ಸಾಧನವೊಂದನ್ನು ಟೋಬಿಯಾಸ್ ರಾಟ್‌ಶಿಲರ್ ಎಂಬುವರು ೧೯೯೮ರಲ್ಲಿ ರಚಿಸಿದರು. ಅದೇ ‘ಪಿಎಚ್‌ಪಿಮೈಅಡ್ಮಿನ್’. ಕೆಲಕಾಲದ ನಂತರ ಅವರು ಅದನ್ನು ಮುಂದುವರಿಸಲಾಗದೆ ಬಿಟ್ಟಾಗ, ೨೦೦೧ರಲ್ಲಿ ಒಲಿವಿಯೆ ಮ್ಯೂಲರ್, ಮಾರ್ಕ್ ಡೆಲಿಲ್, ಲೊಯಿಕ್ ಶಾಪೋ ಎಂಬ ಮೂವರು ಆ ಹೊಣೆಯನ್ನು ವಹಿಸಿಕೊಂಡರು. ಇವರಲ್ಲಿ ಡೆಲಿಲ್ ಅವರು ಕೆನಡಾದ ಕ್ವಿಬೆಕ್ ಪ್ರಾಂತದ ಶೆರ್ಬ್ರೂಕ್ ನಗರದ ಕಾಲೇಜೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದವರು. ಈ ಸಾಧನವು ಹಲವು ಭಾಷೆಗಳಲ್ಲಿ ಮಾತನಾಡುವಂತೆ ಮಾಡಿದವರು. ವಿದ್ಯಾಸಂಸ್ಥೆಯ ನೌಕರರೊಬ್ಬರ ಕೊಡುಗೆ ಇಂದು ಜಗತ್ತಿನ ಅಸಂಖ್ಯ ಕಚೇರಿಗಳಲ್ಲಿ ಉಚಿತವಾಗಿ ಬಳಕೆಯಾಗುತ್ತಿರುವುದು ಸಂತೋಷದ ಸಂಗತಿ.

ಪ್ರಕೃತ ವಿಷಯಕ್ಕೆ ಅತಿ ಮುಖ್ಯವಾದ ಅಂಶವೆಂದರೆ, ಪಿಎಚ್‌ಪಿಮೈಅಡ್ಮಿನ್ ಬಳಿ ತನ್ನದೇ ಆದ ಬಳಕೆದಾರರ ಪಟ್ಟಿ ಇರುವುದಿಲ್ಲ. ಪ್ರವೇಶದ ಪುಟದಲ್ಲಿ ಬರೆದ ಹೆಸರನ್ನೂ ಪಾಸ್‌ವರ್ಡನ್ನೂ ಅದು ಹಾಗೆಯೇ ಒಳಗಿನ ಡೇಟಾಬೇಸ್ ಸರ್ವರಿಗೆ ತಲುಪಿಸುತ್ತದೆ. ಒಳಗೆ ಬಿಡುವುದೋ ಬೇಡವೋ ಎಂಬ ತೀರ್ಮಾನ ಮೈಎಸ್‌ಕ್ಯೂಎಲ್‌ನದು. ದ್ವಾರಪಾಲಕನು ಬಂದವರ ಹೆಸರನ್ನು ಒಳಗೆ ಹೋಗಿ ಹೇಳುತ್ತಾನೆ. ಒಳಗಿನಿಂದ ಬಂದ ಉತ್ತರವನ್ನು ಹೊರಗೆ ಬಂದು ತಿಳಿಸುತ್ತಾನೆ. ಅವನನ್ನು ಕೆಲಸದಿಂದ ಬಿಡಿಸಿ ಬೇರೊಬ್ಬನನ್ನು ನೇಮಿಸಿದರೆ ಒಳಗಿನ ಉತ್ತರ ಬದಲಾಗದು. ಪಾಸ್‌ವರ್ಡ್ ಹೊಂದದಿದ್ದಾಗ ಪಿಎಚ್‌ಪಿಮೈಅಡ್ಮಿನ್ ಅನ್ನು ತೆಗೆದುಹಾಕಿ ಮರಳಿ ಸ್ಥಾಪಿಸುವುದು ವ್ಯರ್ಥವೆನ್ನುವುದು ಇದರಿಂದಲೇ ಸ್ಪಷ್ಟವಾಗುತ್ತದೆ.

೨. ತಡೆ ಎಲ್ಲಿ ಉಂಟಾಗಿದೆ?

ಬ್ರೌಸರಿನಿಂದ ಹೊರಟ ಕೋರಿಕೆಯು ಮೂರು ಹಂತಗಳನ್ನು ದಾಟಬೇಕು. ಮೊದಲನೆಯದು ಅಪಾಚೆಯಂಥ ವೆಬ್ ಸರ್ವರ್; ಎರಡನೆಯದು ಪಿಎಚ್‌ಪಿ ಭಾಷೆಯಲ್ಲಿ ಬರೆದ ಈ ಸಾಧನ; ಮೂರನೆಯದು ಡೇಟಾಬೇಸ್ ಸರ್ವರ್. ಯಾವ ಹಂತದಲ್ಲಿ ತಡೆಯಾಗಿದೆ ಎಂಬುದನ್ನು ಪರದೆಯ ಮೇಲಿನ ಸಂದೇಶವೇ ತಿಳಿಸುತ್ತದೆ. ವೈದ್ಯನು ಔಷಧಕ್ಕೆ ಮೊದಲು ನಾಡಿ ನೋಡುವಂತೆ, ಇಲ್ಲಿ ಮೊದಲ ಕಾರ್ಯವೆಂದರೆ ಆ ಸಂದೇಶವನ್ನು ಅಂಕಿಯ ಸಹಿತ ಪೂರ್ತಿಯಾಗಿ ಬರೆದುಕೊಳ್ಳುವುದು.

ಪ್ರವೇಶದ ಪುಟವೇ ಕಾಣದೆ ‘ಫರ್ಬಿಡನ್’ ಎಂಬ ೪೦೩ನೆಯ ಸಂದೇಶ ಬಂದರೆ, ತಡೆದದ್ದು ವೆಬ್ ಸರ್ವರ್. ಅದೇ ಯಂತ್ರದಲ್ಲಿ ಕುಳಿತವರಿಗೆ ಮಾತ್ರ ಪ್ರವೇಶ, ಬೇರೆ ಯಂತ್ರದವರಿಗೆ ಇಲ್ಲ ಎಂಬ ನಿಯಮ ಅನೇಕ ಕಡೆ ಮೊದಲಿನಿಂದಲೇ ಇರುತ್ತದೆ. ‘ಮೈಎಸ್‌ಕ್ಯೂಎಲ್‌ಐ’ ಎಂಬ ವಿಸ್ತರಣೆ ಇಲ್ಲವೆಂದು ಹೇಳಿದರೆ ಕೊರತೆ ಪಿಎಚ್‌ಪಿಯದು. ಈ ಎರಡು ಸಂದರ್ಭಗಳಲ್ಲಿಯೂ ಪಾಸ್‌ವರ್ಡಿಗೆ ಸಂಬಂಧವೇ ಇಲ್ಲ.

೨೦೦೨ ಅಥವಾ ೨೦೦೩ ಎಂಬ ಅಂಕಿ ಕಂಡರೆ ಡೇಟಾಬೇಸ್ ಸರ್ವರನ್ನು ತಲುಪಲಾಗಿಲ್ಲ ಎಂದರ್ಥ. ಅದು ಓಡದೆ ನಿಂತಿರಬಹುದು, ಡಿಸ್ಕ್ ತುಂಬಿರಬಹುದು, ವಿಳಾಸ ತಪ್ಪಿರಬಹುದು. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ೩೩೦೬ನೆಯ ಪೋರ್ಟಿನಲ್ಲಿ ಕಾದಿರುತ್ತದೆ. ಒಂದೇ ಯಂತ್ರದಲ್ಲಿ ಎರಡು ಬಾರಿ ಸ್ಥಾಪನೆಯಾಗಿದ್ದು, ಮೊದಲನೆಯದು ಆ ಪೋರ್ಟನ್ನು ಆಕ್ರಮಿಸಿದ್ದರೆ ಎರಡನೆಯದು ಏಳಲಾರದು. ಲಿನಕ್ಸ್ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಲೋಕಲ್‌ಹೋಸ್ಟ್’ ಎಂದು ಬರೆದರೆ ‘ಸಾಕೆಟ್’ ಎಂಬ ಕಡತದ ಮೂಲಕವೂ, ‘೧೨೭.೦.೦.೧’ ಎಂದು ಬರೆದರೆ ಜಾಲದ ಮೂಲಕವೂ ಸಂಪರ್ಕ ನಡೆಯುತ್ತದೆ. ಒಂದು ದಾರಿ ಮುಚ್ಚಿದ್ದರೂ ಇನ್ನೊಂದು ತೆರೆದಿರಬಹುದು. ಇಲ್ಲಿಯೂ ಪಾಸ್‌ವರ್ಡನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ. ಕೇಳುವವರೇ ಒಳಗಿಲ್ಲದಾಗ ಕೂಗಿ ಫಲವೇನು?

೩. ೧೦೪೫: ಪ್ರವೇಶ ನಿರಾಕರಣೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ೧೦೪೫ನೆಯ ಸಂದೇಶ. ‘ಆಕ್ಸೆಸ್ ಡಿನೈಡ್’ ಎಂದು ಆರಂಭವಾಗುವ ಈ ಒಂದು ಸಾಲಿನಲ್ಲಿ ಮೂರು ಸಂಗತಿಗಳಿವೆ: ಕೋರಿಕೆ ಯಾವ ಹೆಸರಿನಲ್ಲಿ ಬಂದಿತು, ಯಾವ ಸ್ಥಳದಿಂದ ಬಂದಿತು, ಪಾಸ್‌ವರ್ಡ್ ಜೊತೆಯಲ್ಲಿತ್ತೇ ಇಲ್ಲವೇ. ಸರ್ವರ್ ಕೋಪದಿಂದ ಬಾಗಿಲು ಮುಚ್ಚಿಲ್ಲ. ಕಾರಣ ಹೇಳಿಯೇ ಮುಚ್ಚಿದೆ.

ಸಾಲಿನ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ಯೆಸ್’ ಎಂದಿದ್ದರೆ, ಪಾಸ್‌ವರ್ಡ್ ಸರ್ವರಿಗೆ ತಲುಪಿದೆ, ಆದರೆ ಅದು ಆ ಹೆಸರಿಗೆ ಹೊಂದುತ್ತಿಲ್ಲ. ಆಗ ಮೊದಲು ನೋಡಬೇಕಾದುದು ಸಣ್ಣ ಸಂಗತಿಗಳನ್ನು: ದೊಡ್ಡಕ್ಷರದ ಕೀಲಿ ಒತ್ತಿದೆಯೇ, ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೇ, ನಕಲಿಸುವಾಗ ಕೊನೆಯಲ್ಲಿ ಖಾಲಿ ಜಾಗವೊಂದು ಸೇರಿದೆಯೇ, ಬ್ರೌಸರ್ ತಾನು ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡನ್ನು ತಾನಾಗಿಯೇ ತುಂಬಿದೆಯೇ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬೆರಳಚ್ಚು ನಡೆಯುವ ನಮ್ಮ ಕಚೇರಿಗಳಲ್ಲಿ ಎರಡನೆಯ ಕಾರಣವನ್ನು ಅಲ್ಲಗಳೆಯುವಂತಿಲ್ಲ.

ಅದೇ ಸ್ಥಳದಲ್ಲಿ ‘ನೋ’ ಎಂದಿದ್ದರೆ ಪಾಸ್‌ವರ್ಡ್ ಒಳಗೆ ಹೋಗಿಯೇ ಇಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ, ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲವನ್ನೂ ಒಟ್ಟಿಗೆ ಕೊಡುವ ‘ಎಕ್ಸಾಂಪ್’ ಎಂಬ ಸಂಯುಕ್ತ ತಂತ್ರಾಂಶ. ಅಭ್ಯಾಸಕ್ಕೆಂದು ಸಿದ್ಧಪಡಿಸಿದ ಇದರಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿ ಬಳಕೆದಾರನಿಗೆ ಪಾಸ್‌ವರ್ಡ್ ಇರುವುದಿಲ್ಲ. ಪಿಎಚ್‌ಪಿಮೈಅಡ್ಮಿನ್ ತನ್ನ ಸಂರಚನಾ ಕಡತದಲ್ಲಿ ಬರೆದಿರುವ ಹೆಸರನ್ನೇ ಹೇಳಿ ಯಾರನ್ನೂ ಕೇಳದೆ ಒಳಗೆ ಹೋಗುತ್ತದೆ. ಜಾಗರೂಕರಾದ ಶಿಕ್ಷಕರೊಬ್ಬರು ರೂಟ್‌ಗೆ ಪಾಸ್‌ವರ್ಡ್ ಇಟ್ಟರೆಂದು ಭಾವಿಸೋಣ. ಅವರು ಮಾಡಿದ್ದು ಸರಿಯಾದ ಕೆಲಸವೇ. ಆದರೆ ಸಂರಚನಾ ಕಡತಕ್ಕೆ ಅದು ತಿಳಿಯದು. ಅದು ಹಿಂದಿನಂತೆ ಬರಿಗೈಯಲ್ಲಿ ಹೋಗಿ ನಿರಾಕರಣೆಯೊಡನೆ ಮರಳುತ್ತದೆ. ಇದಕ್ಕೆ ಸರಿಯಾದ ಪರಿಹಾರವೆಂದರೆ ಆ ಕಡತದಲ್ಲಿ ದೃಢೀಕರಣದ ವಿಧಾನವನ್ನು ‘ಕಾನ್ಫಿಗ್’ ಎಂಬುದರಿಂದ ‘ಕುಕೀ’ ಎಂಬುದಕ್ಕೆ ಬದಲಿಸುವುದು. ಆಗ ಪ್ರತಿಯೊಬ್ಬರಿಗೂ ಪ್ರವೇಶದ ಪುಟ ಕಾಣಿಸುತ್ತದೆ. ಪಾಸ್‌ವರ್ಡ್ ಕಡತದಲ್ಲಿ ಬಯಲಾಗಿ ಕುಳಿತಿರುವ ಅಪಾಯವೂ ತಪ್ಪುತ್ತದೆ.

ಇನ್ನು ಸ್ಥಳದ ವಿಚಾರ. ಮೈಎಸ್‌ಕ್ಯೂಎಲ್ ಬಳಕೆದಾರನನ್ನು ಗುರುತಿಸುವುದು ಹೆಸರಿನಿಂದ ಮಾತ್ರವಲ್ಲ, ಹೆಸರು ಮತ್ತು ಸ್ಥಳ ಎರಡರಿಂದಲೂ. ಲೋಕಲ್‌ಹೋಸ್ಟಿನಿಂದ ಬರುವ ‘ಗ್ರಂಥಪಾಲ’ನೂ ಬೇರೊಂದು ಯಂತ್ರದಿಂದ ಬರುವ ‘ಗ್ರಂಥಪಾಲ’ನೂ ಅದರ ದೃಷ್ಟಿಯಲ್ಲಿ ಇಬ್ಬರು ವ್ಯಕ್ತಿಗಳು, ಇಬ್ಬರ ಪಾಸ್‌ವರ್ಡೂ ಅಧಿಕಾರವೂ ಬೇರೆಯಾಗಿರಬಹುದು. ಒಂದೂರಿನಲ್ಲಿ ಒಂದೇ ಹೆಸರಿನ ಇಬ್ಬರನ್ನು ಮನೆತನದ ಹೆಸರಿನಿಂದ ಬೇರ್ಪಡಿಸುವಂತೆ ಇದು ಎಂದು ತಿಳಿಯಬಹುದು. ಪಾಸ್‌ವರ್ಡ್ ಸರಿಯಿದ್ದೂ ಬೇರೆ ಯಂತ್ರದಿಂದ ಪ್ರವೇಶ ದೊರೆಯದಿದ್ದರೆ ಕಾರಣ ಹೆಚ್ಚಾಗಿ ಇದೇ.

೪. ಕಾಲ ಬದಲಾದಂತೆ ಬದಲಾದ ಬೀಗಗಳು

ಕೆಲವು ತೊಡಕುಗಳಲ್ಲಿ ಯಾರ ತಪ್ಪೂ ಇರುವುದಿಲ್ಲ. ತಂತ್ರಾಂಶದ ನಿಯಮವೇ ಬದಲಾಗಿರುತ್ತದೆ. ಉಬುಂಟು ಲಿನಕ್ಸಿನಲ್ಲಿ ಮೈಎಸ್‌ಕ್ಯೂಎಲ್ ಸ್ಥಾಪಿಸಿದಾಗ ರೂಟ್ ಬಳಕೆದಾರನನ್ನು ಪಾಸ್‌ವರ್ಡಿನಿಂದ ಗುರುತಿಸುವ ಬದಲು, ಯಂತ್ರದ ಆಡಳಿತಾಧಿಕಾರಿಯೇ ಸ್ವತಃ ಬಂದಿದ್ದಾನೆಯೇ ಎಂದು ನೋಡಿ ಗುರುತಿಸುವ ಕ್ರಮವಿದೆ. ಮಾರಿಯಾಡಿಬಿಯೂ ೨೦೧೯ರ ೧೦.೪ನೆಯ ಆವೃತ್ತಿಯಿಂದ ಯುನಿಕ್ಸ್ ಬಗೆಯ ಯಂತ್ರಗಳಲ್ಲಿ ಇದೇ ಕ್ರಮವನ್ನು ಸಹಜ ವ್ಯವಸ್ಥೆಯಾಗಿ ಅಂಗೀಕರಿಸಿತು. ಪಿಎಚ್‌ಪಿಮೈಅಡ್ಮಿನ್ ವೆಬ್ ಸರ್ವರಿನ ಹೆಸರಿನಲ್ಲಿ ಓಡುವುದರಿಂದ, ಅದು ರೂಟ್ ಎಂದು ಎಷ್ಟು ಹೇಳಿಕೊಂಡರೂ ನಂಬಿಕೆ ಹುಟ್ಟದು. ಈ ಕಾವಲನ್ನು ಕಿತ್ತುಹಾಕುವುದು ಯೋಗ್ಯವಲ್ಲ. ಯಂತ್ರದ ಆಜ್ಞಾಪರದೆಯಿಂದ ಆಡಳಿತಾಧಿಕಾರಿಯಾಗಿ ಒಳಹೊಕ್ಕು, ನಿತ್ಯದ ಕೆಲಸಕ್ಕೆ ಬೇರೊಂದು ಹೆಸರಿನ ಬಳಕೆದಾರನನ್ನು ಸೃಷ್ಟಿಸಿ, ಬೇಕಾದ ಡೇಟಾಬೇಸಿನ ಮೇಲೆ ಮಾತ್ರ ಅವನಿಗೆ ಅಧಿಕಾರ ಕೊಡುವುದೇ ಸರಿಯಾದ ಮಾರ್ಗ.

ಎರಡನೆಯ ಬದಲಾವಣೆ ೨೦೧೮ರದು. ಆ ವರ್ಷ ಹೊರಬಂದ ಮೈಎಸ್‌ಕ್ಯೂಎಲ್ ೮.೦ ಆವೃತ್ತಿ ಪಾಸ್‌ವರ್ಡನ್ನು ಪರಿಶೀಲಿಸಲು ಹೆಚ್ಚು ಭದ್ರವಾದ ಹೊಸ ವಿಧಾನವನ್ನು ತಂದಿತು. ಹಳೆಯ ಪಿಎಚ್‌ಪಿಗೆ ಆ ಭಾಷೆ ತಿಳಿಯದು. ೨೦೫೪ ಎಂಬ ಅಂಕಿಯೊಡನೆ, ಸರ್ವರ್ ಕೇಳಿದ ದೃಢೀಕರಣದ ವಿಧಾನ ತನಗೆ ಅಪರಿಚಿತವೆಂದು ಅದು ಹೇಳುತ್ತದೆ. ೨೦೧೯ರಲ್ಲಿ ಬಂದ ಪಿಎಚ್‌ಪಿ ೭.೪ ಮತ್ತು ಅನಂತರದ ಆವೃತ್ತಿಗಳು ಹೊಸ ವಿಧಾನವನ್ನು ಬಲ್ಲವು. ಬಳಕೆದಾರನನ್ನು ಹಳೆಯ ವಿಧಾನಕ್ಕೆ ಮರಳಿಸಬೇಕೆಂಬ ಸಲಹೆ ಒಂದು ಕಾಲಕ್ಕೆ ಬಹಳ ಪ್ರಚಾರದಲ್ಲಿತ್ತು. ಆದರೆ ೨೦೨೪ರ ೮.೪ನೆಯ ಆವೃತ್ತಿಯಲ್ಲಿ ಆ ಹಳೆಯ ವಿಧಾನ ಮೊದಲಿನಿಂದಲೇ ನಿಷ್ಕ್ರಿಯವಾಗಿತ್ತು; ಅದೇ ವರ್ಷದ ೯.೦ನೆಯ ಆವೃತ್ತಿಯಲ್ಲಿ ಅದನ್ನು ಪೂರ್ಣವಾಗಿ ತೆಗೆದುಹಾಕಲಾಯಿತು. ಹಳೆಯ ಕೈಗೆ ತಕ್ಕಂತೆ ಹೊಸ ಬೀಗವನ್ನು ಸಡಿಲಿಸುವುದಕ್ಕಿಂತ ಹೊಸ ಕೈಯನ್ನು ಮಾಡಿಸುವುದು ಲೇಸು.

೫. ನಿರಾಕರಣೆಯಿಲ್ಲದೆ ಮರಳಿ ಬರುವ ಪುಟ

ಕೆಲವೊಮ್ಮೆ ಯಾವ ತಪ್ಪನ್ನೂ ತೋರಿಸದೆ ಪ್ರವೇಶದ ಪುಟವೇ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ಇಲ್ಲಿ ಡೇಟಾಬೇಸ್ ಒಪ್ಪಿದ್ದರೂ, ಒಪ್ಪಿತೆಂಬುದನ್ನು ದ್ವಾರಪಾಲಕನು ಮರೆಯುತ್ತಿದ್ದಾನೆ. ಒಬ್ಬ ಬಳಕೆದಾರನು ಪ್ರವೇಶ ಪಡೆದಿದ್ದಾನೆಂಬ ನೆನಪನ್ನು ಪಿಎಚ್‌ಪಿ ‘ಸೆಷನ್’ ಎಂಬ ತಾತ್ಕಾಲಿಕ ಕಡತದಲ್ಲಿಯೂ, ಬ್ರೌಸರ್ ‘ಕುಕೀ’ ಎಂಬ ಗುರುತುಚೀಟಿಯಲ್ಲಿಯೂ ಇಟ್ಟುಕೊಳ್ಳುತ್ತವೆ. ಬ್ರೌಸರ್ ಕುಕೀಗಳನ್ನು ತಡೆದಿದ್ದರೆ, ಸೆಷನ್ ಕಡತಗಳ ಕೋಶದಲ್ಲಿ ಬರೆಯಲು ಅನುಮತಿ ಇಲ್ಲದಿದ್ದರೆ, ಅಥವಾ ಡಿಸ್ಕ್ ತುಂಬಿದ್ದರೆ ಆ ನೆನಪು ಉಳಿಯದು. ಸರ್ವರ್ ಭದ್ರ ಸಂಪರ್ಕದಲ್ಲಿದೆಯೆಂದು ಒಂದು ಕಡೆಯೂ ಇಲ್ಲವೆಂದು ಇನ್ನೊಂದು ಕಡೆಯೂ ದಾಖಲಾಗಿದ್ದರೂ ಇದೇ ಫಲ.

ಬ್ರೌಸರಿನ ಕುಕೀಗಳನ್ನು ಅಳಿಸಿ ನೋಡುವುದು, ಬೇರೊಂದು ಬ್ರೌಸರಿನಲ್ಲಿ ಪ್ರಯತ್ನಿಸುವುದು, ಡಿಸ್ಕಿನಲ್ಲಿ ಜಾಗವಿದೆಯೇ ಎಂದು ಪರೀಕ್ಷಿಸುವುದು ಇಲ್ಲಿನ ಮೊದಲ ಮೂರು ಕ್ರಮಗಳು. ಕುಕೀಯಲ್ಲಿಡುವ ವಿವರವನ್ನು ಗೂಢಲಿಪಿಗೆ ಪರಿವರ್ತಿಸಲು ಸಂರಚನಾ ಕಡತದಲ್ಲಿ ೩೨ ಅಕ್ಷರಗಳ ರಹಸ್ಯಪದವೊಂದು ಇರಬೇಕೆಂಬುದನ್ನೂ ಮರೆಯಬಾರದು. ಕೆಲಸದ ನಡುವೆ ಎದ್ದು ಹೋಗಿ ಬಂದಾಗ ಮತ್ತೆ ಪಾಸ್‌ವರ್ಡ್ ಕೇಳಿದರೆ ಅದು ದೋಷವಲ್ಲ. ೧೪೪೦ ಸೆಕೆಂಡು, ಎಂದರೆ ೨೪ ನಿಮಿಷ, ಯಾವ ಚಟುವಟಿಕೆಯೂ ಇಲ್ಲದಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು ಇದರ ಸಹಜ ನಿಯಮ.

೬. ಪಾಸ್‌ವರ್ಡ್ ಮರೆತಾಗ

ಪಾಸ್‌ವರ್ಡ್ ನಿಜವಾಗಿಯೂ ಮರೆತುಹೋಗಿದ್ದರೆ ಅದನ್ನು ಹುಡುಕಿ ತೆಗೆಯಲು ಸಾಧ್ಯವಿಲ್ಲ. ಡೇಟಾಬೇಸ್ ಪಾಸ್‌ವರ್ಡನ್ನು ಇದ್ದಂತೆಯೇ ಇಡುವುದಿಲ್ಲ. ಹಿಂದಿರುಗಿಸಿ ಓದಲಾಗದ ರೂಪಕ್ಕೆ ಮಾರ್ಪಡಿಸಿ ಇಡುತ್ತದೆ. ಹಳೆಯದನ್ನು ತಿಳಿಯಲಾಗದು, ಹೊಸದನ್ನು ಇಡಬಹುದು. ಬೇರೊಬ್ಬ ಆಡಳಿತಾಧಿಕಾರಿಗೆ ಪ್ರವೇಶವಿದ್ದರೆ ಅವರು ಒಂದೇ ಆಜ್ಞೆಯಿಂದ ಇದನ್ನು ಮಾಡಬಲ್ಲರು. ರೂಟ್‌ನ ಪಾಸ್‌ವರ್ಡೇ ಹೋಗಿದ್ದರೆ, ಸರ್ವರನ್ನು ನಿಲ್ಲಿಸಿ, ಹೊಸ ಪಾಸ್‌ವರ್ಡಿನ ಆಜ್ಞೆಯನ್ನು ಒಂದು ಕಡತದಲ್ಲಿ ಬರೆದು, ಆರಂಭವಾಗುವಾಗಲೇ ಆ ಕಡತವನ್ನು ಓದುವಂತೆ ಸರ್ವರಿಗೆ ಸೂಚಿಸುವ ವಿಧಾನವಿದೆ. ಕೆಲಸ ಮುಗಿದೊಡನೆ ಆ ಕಡತವನ್ನು ಅಳಿಸಬೇಕು.

ಅಧಿಕಾರ ಕೋಷ್ಟಕಗಳನ್ನೇ ಕಡೆಗಣಿಸಿ ಸರ್ವರನ್ನು ಆರಂಭಿಸುವ ಇನ್ನೊಂದು ವಿಧಾನವೂ ಪ್ರಚಾರದಲ್ಲಿದೆ. ಆ ಸ್ಥಿತಿಯಲ್ಲಿ ಸರ್ವರ್ ಯಾರನ್ನೂ ಪಾಸ್‌ವರ್ಡ್ ಕೇಳುವುದಿಲ್ಲ. ಜಾಲದ ಸಂಪರ್ಕ ತೆಗೆಯದೆ ಹೀಗೆ ಮಾಡಿದರೆ, ಅಥವಾ ಕೆಲಸವಾದ ಮೇಲೆ ಮೊದಲಿನ ಸ್ಥಿತಿಗೆ ತರಲು ಮರೆತರೆ, ಮಕ್ಕಳ ವಿಳಾಸ, ಪಾಲಕರ ದೂರವಾಣಿ, ದಾನಿಗಳ ವಿವರ ಎಲ್ಲವೂ ಬೀದಿಗೆ ಬಿದ್ದಂತೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ೧೮ ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳಿಗೆ ವಿಶೇಷ ರಕ್ಷಣೆ ವಿಧಿಸಿರುವುದನ್ನು ವಿದ್ಯಾಸಂಸ್ಥೆಗಳು ಗಮನದಲ್ಲಿಡಬೇಕು.

ಪಾಸ್‌ವರ್ಡ್ ಬದಲಿಸಿದ ಮೇಲೆ ಇನ್ನೊಂದು ಕರ್ತವ್ಯವಿದೆ. ಶಾಲೆಯ ಜಾಲತಾಣವೋ ಗ್ರಂಥಾಲಯದ ತಂತ್ರಾಂಶವೋ ಅದೇ ಹೆಸರಿನಿಂದ ಡೇಟಾಬೇಸಿಗೆ ಹೋಗುತ್ತಿದ್ದರೆ, ಅವುಗಳ ಸಂರಚನಾ ಕಡತಗಳಲ್ಲಿಯೂ ಹೊಸ ಪಾಸ್‌ವರ್ಡನ್ನು ಬರೆಯಬೇಕು. ಇಲ್ಲವಾದರೆ ಒಂದು ಬಾಗಿಲು ತೆರೆದು ಉಳಿದ ಬಾಗಿಲುಗಳು ಮುಚ್ಚಿಹೋಗುತ್ತವೆ.

೭. ಮಾಡಬಾರದ ಕಾರ್ಯಗಳು

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡಬೇಕೆಂದಿದ್ದರೆ ಅದು ಇದು. ಪ್ರವೇಶ ದೊರೆಯಲಿಲ್ಲವೆಂದು ಇಡೀ ಡೇಟಾಬೇಸ್ ತಂತ್ರಾಂಶವನ್ನು ತೆಗೆದುಹಾಕಿ ಮರಳಿ ಸ್ಥಾಪಿಸಬಾರದು. ಹಾಗೆ ಮಾಡುವಾಗ ದತ್ತಾಂಶದ ಕೋಶವೂ ಅಳಿಸಿಹೋಗುವ ಸಂಭವವುಂಟು. ಆಗ ಬಾಗಿಲು ಸಲೀಸಾಗಿ ತೆರೆಯುತ್ತದೆ, ಒಳಗೆ ಏನೂ ಇರುವುದಿಲ್ಲ. ಸರ್ವರ್ ಏಳದಿದ್ದಾಗ ‘ಐಬಿಡೇಟಾ೧’ ಎಂಬ ಕಡತವನ್ನು ಅಳಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಕೇಳಿಬರುತ್ತದೆ. ಅದನ್ನು ಪಾಲಿಸಿದರೆ ಸರ್ವರ್ ಏಳಬಹುದು. ಆದರೆ ಆ ಕಡತದಲ್ಲಿಯೇ ಕೋಷ್ಟಕಗಳ ಒಳ ವಿವರಗಳಿರುವ ವ್ಯವಸ್ಥೆಗಳಲ್ಲಿ ಅದು ಹೋದೊಡನೆ ಉಳಿದ ಕಡತಗಳಿದ್ದೂ ಅವುಗಳನ್ನು ಓದಲಾಗದು. ಪುಸ್ತಕಗಳಿದ್ದೂ ಭಾಷೆ ಮರೆತಂಥ ಸ್ಥಿತಿ ಅದು.

ಆದುದರಿಂದ ಯಾವ ಚಿಕಿತ್ಸೆಗೂ ಮೊದಲು ಮಾಡಬೇಕಾದ ಕೆಲಸ ಒಂದೇ: ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ದತ್ತಾಂಶದ ಇಡೀ ಕೋಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಇದಕ್ಕೆ ಡೇಟಾಬೇಸಿನ ಪಾಸ್‌ವರ್ಡ್ ಬೇಕಾಗಿಲ್ಲ, ಯಂತ್ರದ ಆಡಳಿತಾಧಿಕಾರ ಸಾಕು. ಈ ನಕಲು ಕೈಯಲ್ಲಿದ್ದರೆ ಅನಂತರದ ಯಾವ ತಪ್ಪನ್ನೂ ತಿದ್ದಿಕೊಳ್ಳಬಹುದು.

೮. ಬೀಗದ ಕೈಯ ಹೊಣೆ

ಮೇಲಿನ ತೊಡಕುಗಳಲ್ಲಿ ಅನೇಕವು ಯಂತ್ರದಿಂದ ಹುಟ್ಟಿದವಲ್ಲ, ವ್ಯವಸ್ಥೆಯ ಕೊರತೆಯಿಂದ ಹುಟ್ಟಿದವು. ಪಾಸ್‌ವರ್ಡ್ ಒಬ್ಬರ ನೆನಪಿನಲ್ಲಿ ಮಾತ್ರ ಇದ್ದು, ಅವರು ನಿವೃತ್ತರಾದರೆ ಅಥವಾ ವರ್ಗವಾದರೆ ಸಂಸ್ಥೆಯ ಬೀರುವಿನ ಕೈಯೂ ಅವರೊಡನೆ ಹೋದಂತೆ. ಬೀರುವಿನ ವಿಷಯದಲ್ಲಿ ಹಿರಿಯರು ಪಾಲಿಸಿದ ನಿಯಮಗಳು ಇಲ್ಲಿಯೂ ಸಲ್ಲುತ್ತವೆ. ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ, ಮುಖ್ಯೋಪಾಧ್ಯಾಯರ ವಶದಲ್ಲಿಡಬೇಕು. ಬದಲಿಸಿದಾಗಲೆಲ್ಲ ಲಕೋಟೆಯನ್ನೂ ಬದಲಿಸಬೇಕು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಮೇಜು ಕುರ್ಚಿಗಳ ಜೊತೆಗೆ ಡೇಟಾಬೇಸಿನ ಹೆಸರು, ಯಂತ್ರ, ಬಳಕೆದಾರರು ಇವುಗಳಿಗೂ ಒಂದೊಂದು ಸಾಲು ಮೀಸಲಿರಬೇಕು. ಎಲ್ಲರೂ ರೂಟ್ ಹೆಸರಿನಲ್ಲಿ ಒಳಗೆ ಹೋಗದೆ ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ತಕ್ಕ ಪ್ರತ್ಯೇಕ ಹೆಸರಿರಬೇಕು. ನಿಯತಕಾಲಕ್ಕೆ ಪ್ರತಿ ತೆಗೆದು ಬೇರೆ ಕಟ್ಟಡದಲ್ಲಿಡಬೇಕು. ಆ ಪ್ರತಿಯಿಂದ ಡೇಟಾಬೇಸನ್ನು ಮರಳಿ ಕಟ್ಟಲು ಸಾಧ್ಯವೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ಇವುಗಳಿಗೆ ದೊಡ್ಡ ಹಣವೇನೂ ಬೇಕಾಗಿಲ್ಲ. ದಾನಿಗಳು ಗಣಕಯಂತ್ರಗಳನ್ನು ಕೊಡಬಹುದು, ಹಳೆಯ ವಿದ್ಯಾರ್ಥಿಗಳು ತಂತ್ರಾಂಶವನ್ನು ಸ್ಥಾಪಿಸಿಕೊಡಬಹುದು. ಆದರೆ ಕೈಯನ್ನು ಕಾಯುವ ಶಿಸ್ತು ಕಚೇರಿಯೊಳಗಿನಿಂದಲೇ ಬೆಳೆಯಬೇಕು. ಇಂದು ಒಂದನೆಯ ತರಗತಿಗೆ ಸೇರುವ ಮಗುವಿನ ಜನ್ಮದಿನಾಂಕವನ್ನು ಇನ್ನು ನಲವತ್ತು ವರ್ಷಗಳ ಮೇಲೆ ಯಾರಾದರೂ ಕೇಳಿಕೊಂಡು ಬರುವುದು ನಿಶ್ಚಯ. ಆಗ ಇಂದಿನ ಯಂತ್ರವೂ ಇರಲಾರದು, ಇಂದಿನ ತಂತ್ರಾಂಶವೂ ಇರಲಾರದು. ಆದರೆ ಆ ದಿನಾಂಕ ಇರಬೇಕು, ಅದನ್ನು ತೆರೆದು ತೋರಿಸಬಲ್ಲವರೂ ಒಬ್ಬರಿರಬೇಕು.